ಬಿಚ್ಚಿ ಜೋಡಿಸುವ ಮನೆ: ಮೆಲಾಕಾ ಹೇಳಿಕೊಡುವ ಸೂತ್ರಗಳು

ಮಲೇಷ್ಯಾದ ಮೆಲಾಕಾ ರಾಜ್ಯದ ಹಳೆಯ ಮಲಯ್ ಮನೆಗಳನ್ನು ಬಿಚ್ಚಿ, ಬೇರೆ ಊರಿಗೆ ಸಾಗಿಸಿ, ಮತ್ತೆ ನಿಲ್ಲಿಸಬಹುದು. ಕಂಬಕ್ಕೆ ಮೊದಲೇ ಕಿಂಡಿ ಕೊರೆದು, ತೊಲೆಯ ತುದಿಯನ್ನು ಅದರಲ್ಲಿ ಕೂರಿಸಿ, ಬೆಣೆ ಬಡಿದರೆ ಮೊಳೆಯೇ ಬೇಡ. ವಿಜಯನಾಥ ಶೆಣೈ ಅವರು ಕರಾವಳಿಯ ಹಳೆಯ ಮನೆಗಳನ್ನು ಬಿಚ್ಚಿ ತಂದು ಮಣಿಪಾಲದಲ್ಲಿ ಜೋಡಿಸಲು ಸಾಧ್ಯವಾದದ್ದೂ ಮರಗೆಲಸದ ಇದೇ ಜಾಣ್ಮೆಯಿಂದ. ಕೋಣೆಗಳನ್ನು ಮೊದಲೇ ಮಾಡಿ ತಂದು ಜೋಡಿಸುವ ಇಂದಿನ ಮಾಡ್ಯುಲರ್ ಮನೆ ಆ ಜಾಣ್ಮೆಯನ್ನು ಕಾರ್ಖಾನೆಗೆ ಒಯ್ದಿದೆ. ಅದರ ಲಾಭ ಪೂರ್ತಿ ಕೈಸೇರಬೇಕಾದರೆ ಹೀಗೆ ಮಾಡಿ.

1. ಮಳೆಯನ್ನು ಲೆಕ್ಕಕ್ಕೆ ಹಿಡಿಯಿರಿ. ಮೆಲಾಕಾದಲ್ಲಿ ಮಳೆ ಬೀಳದ ತಿಂಗಳಿಲ್ಲ. ನಮ್ಮ ಕರಾವಳಿ, ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೈಟಿನ ಕೆಲಸ ಕುಂಟುತ್ತದೆ. ಕಾರ್ಖಾನೆಯ ಸೂರಿನಡಿ ಆ ತಾಪತ್ರಯವಿಲ್ಲ. ನಿಮ್ಮ ಜಾಗದಲ್ಲಿ ಅಡಿಪಾಯ ಏಳುತ್ತಿರುವಾಗಲೇ ಅಲ್ಲಿ ಕೋಣೆಗಳು ಸಿದ್ಧವಾಗುತ್ತವೆ. ಒಂದರ ಹಿಂದೊಂದು ಆಗಬೇಕಾದ ಎರಡು ಕೆಲಸ ಜೊತೆಜೊತೆಗೇ ಸಾಗುವುದರಿಂದಲೇ ತಿಂಗಳುಗಳು ಉಳಿಯುವುದು. ಹಾಗಾಗಿ ಅಡಿಪಾಯವನ್ನು ಬೇಸಿಗೆಯಲ್ಲೇ ಮುಗಿಸುವ ಹಾಗೆ ಆರ್ಡರ್ ಕೊಡಿ.

2. ನಕ್ಷೆಯನ್ನು ಮೊದಲೇ ಗಟ್ಟಿ ಮಾಡಿ. ಇಟ್ಟಿಗೆ ಮನೆಯಲ್ಲಿ ಮೇಸ್ತ್ರಿಗೆ ಹೇಳಿ ಕಿಟಕಿ ಜರುಗಿಸಬಹುದು. ಇಲ್ಲಿ ಅದು ದುಬಾರಿ, ಕೆಲವೊಮ್ಮೆ ಅಸಾಧ್ಯ. ವಾಸ್ತು ನೋಡಿಸುವುದಿದ್ದರೆ ಗುದ್ದಲಿ ಪೂಜೆಗೂ ಮೊದಲೇ ನೋಡಿಸಿ. ದೇವರಮನೆ ಎಲ್ಲಿ, ಅಡುಗೆಮನೆಯಲ್ಲಿ ಗ್ರೈಂಡರಿಗೆ ಪ್ಲಗ್ ಎಲ್ಲಿ ಎಂಬುದನ್ನು ಮನೆಯವರೆಲ್ಲ ಕೂತು ತೀರ್ಮಾನಿಸಿ. ಅಡುಗೆ ಮಾಡುವವರ ಮಾತಿಗೆ ಹೆಚ್ಚು ತೂಕವಿರಲಿ.

3. ಲಾರಿ ಬರುವ ದಾರಿ ಅಳೆಯಿರಿ. 2008ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಮೆಲಾಕಾ ಪೇಟೆಯ ಇಕ್ಕಟ್ಟು ಬೀದಿಗಳಿಗೆ ಸಿದ್ಧ ಕೋಣೆ ಹೊತ್ತ ಟ್ರೇಲರ್ ನುಗ್ಗಲಾರದು. ನಿಮ್ಮ ಓಣಿಯ ತಿರುವು, ವಿದ್ಯುತ್ ತಂತಿ, ಕ್ರೇನ್ ನಿಲ್ಲುವ ನೆಲ ಎಲ್ಲವನ್ನೂ ಕಂಪನಿಯವರಿಂದಲೇ ನೋಡಿಸಿ. ದಾರಿ ಸಾಲದಿದ್ದರೆ ಇಡೀ ಕೋಣೆಯ ಬದಲು ಗೋಡೆಗಳನ್ನು ಬಿಡಿಬಿಡಿಯಾಗಿ ತರಿಸಿ.

4. ನೆಲಕ್ಕೆ ಅಂಟಿರುವುದನ್ನು ಊರಿನವರಿಂದಲೇ ಕಟ್ಟಿಸಿ. ಮೆಲಾಕಾದ ಮರದ ಮನೆಗೆ ಬಣ್ಣದ ಟೈಲ್ಸ್ ಹಚ್ಚಿದ ಗಾರೆ ಮೆಟ್ಟಿಲು ಇರುತ್ತದೆ. ಮನೆ ಜೋಡಣೆಯದು, ಮೆಟ್ಟಿಲು ಸ್ಥಳದಲ್ಲೇ ಕಟ್ಟಿದ್ದು. ಎರಡೂ ಒಂದಕ್ಕೊಂದು ಎಷ್ಟು ಒಪ್ಪುತ್ತವೆ! ಸಂಪು, ಜಗಲಿ, ಮೆಟ್ಟಿಲು, ಕಾಂಪೌಂಡಿಗೆ ಕಾರ್ಖಾನೆ ಬೇಡವೇ ಬೇಡ.

5. ಹಣ ಮುಂಚೆಯೇ ಬೇಕು. ಸೈಟಿನಲ್ಲಿ ಕೆಲಸ ಏರಿದಂತೆ ಬ್ಯಾಂಕು ಸಾಲದ ಕಂತು ಬಿಡುಗಡೆ ಮಾಡುವುದು ವಾಡಿಕೆ. ಆದರೆ ಇಲ್ಲಿ ಜಾಗ ಖಾಲಿಯಿರುವಾಗಲೇ ಕಾರ್ಖಾನೆಗೆ ದೊಡ್ಡ ಮೊತ್ತ ಸಲ್ಲಬೇಕು. ಇದನ್ನು ಮ್ಯಾನೇಜರಿಗೆ ಮೊದಲೇ ವಿವರಿಸಿ, ಬರಹದಲ್ಲಿ ಒಪ್ಪಿಗೆ ಪಡೆಯಿರಿ.

6. ಅಗ್ಗ ಎಂಬ ಮಾತನ್ನು ಪರೀಕ್ಷಿಸಿ. ಕಾರ್ಖಾನೆಗೆ ಗಿಟ್ಟುವುದು ಒಂದೇ ಅಚ್ಚಿನಿಂದ ಹಲವು ತೆಗೆದಾಗ. ಮಲೇಷ್ಯಾ ಸರ್ಕಾರ 2008ರಲ್ಲಿ ತನ್ನ ಕಟ್ಟಡಗಳಿಗೆ, ಕಾರ್ಖಾನೆಯಲ್ಲಿ ಮಾಡಿ ಜೋಡಿಸುವ ಪದ್ಧತಿಯ ಬಳಕೆಯನ್ನು ಅಳೆಯುವ ಅಂಕ ಕನಿಷ್ಠ 70 ಇರಬೇಕೆಂದು ಕಡ್ಡಾಯ ಮಾಡಿದ್ದು ಬೇಡಿಕೆ ಒಟ್ಟುಗೂಡಲೆಂದೇ. ಮೆಲಾಕಾದ ನೆರೆರಾಜ್ಯ ಜೋಹೋರ್‌ನ ಸೆನಾಯ್‌ನಲ್ಲಿ ಎರಕಹೊಯ್ದ ಕೋಣೆಗಳಿಂದ ಸಿಂಗಪುರದಲ್ಲಿ 2019ರಲ್ಲಿ 40 ಅಂತಸ್ತಿನ ಅವಳಿ ಗೋಪುರ, ಕ್ಲೆಮೆಂಟ್ ಕ್ಯಾನಪಿ, ಎದ್ದು ನಿಂತಿತು. ಅದಕ್ಕೆ ಬಳಸಿದ್ದು 1,899 ಕೋಣೆಗಳು. ನೀವು ಕಟ್ಟುವುದು ಒಂದೇ ಮನೆ. ಅಣ್ಣತಮ್ಮಂದಿರು ಅಥವಾ ಅಕ್ಕಪಕ್ಕದ ಸೈಟಿನವರು ಸೇರಿ ಆರ್ಡರ್ ಕೊಟ್ಟರೆ ದರ ಇಳಿಸಲು ಕೇಳಬಹುದು.

7. ಕೂಡುವ ಸಂದುಗಳಿಗೆ ನೀರು ಬಿಡಿಸಿ ನೋಡಿ. ಸೋರುವುದಿದ್ದರೆ ಅಲ್ಲೇ. ಬಚ್ಚಲಿನಲ್ಲಿ ಒಂದು ದಿನ ನೀರು ನಿಲ್ಲಿಸಿ ನೋಡಿದ ಮೇಲೆಯೇ ಕೊನೆಯ ಕಂತು ಕೊಡಿ.

8. ಮುಂದಿನ ಕೋಣೆಗೆ ಜಾಗ ಬಿಡಿ. ಮಲಯ್ ಕುಟುಂಬ ಮೊದಲು ನಡುಮನೆ ಕಟ್ಟಿ, ಸಂಸಾರ ಬೆಳೆದಂತೆ ಜಗಲಿ, ಅಡುಗೆಮನೆ ಸೇರಿಸುತ್ತಾ ಹೋಗುತ್ತಿತ್ತು. ನೀವೂ ಹಾಗೆ ಮಾಡಬಹುದು. ಮುಂದೆ ಯಾವ ಗೋಡೆ ತೆಗೆದು ಬಾಗಿಲು ಇಡುವಿರಿ ಎಂಬುದನ್ನು ಈಗಲೇ ನಕ್ಷೆಯಲ್ಲಿ ಗುರುತಿಸಿ, ಆ ಬದಿಯ ಅಡಿಪಾಯವನ್ನು ಇಂಜಿನಿಯರರಿಂದ ಅದಕ್ಕೆ ತಕ್ಕಂತೆ ವಿನ್ಯಾಸ ಮಾಡಿಸಿಕೊಳ್ಳಿ.