ಸಾಮಾಜಿಕ ಜಾಲತಾಣಗಳಲ್ಲಿ ವ್ಯಾಪಾರಿಯ ಪತ್ತು

ಹಿಂದೆ ಒಬ್ಬ ವರ್ತಕನ ಯೋಗ್ಯತೆಯನ್ನು ಅವನ ಪೇಟೆಯೇ ನಿರ್ಧರಿಸುತ್ತಿತ್ತು. ಕೊಟ್ಟ ಮಾತಿನ ದಿನಕ್ಕೆ ಹಣ ಸಂದಾಯವಾಗುತ್ತದೆಯೇ, ತಕ್ಕಡಿ ನೆಟ್ಟಗಿದೆಯೇ, ತೋರಿಸಿದ ಮಾದರಿ ಮತ್ತು ಕಳುಹಿಸಿದ ಮಾಲು ಒಂದೇ ಆಗಿವೆಯೇ ಎಂಬ ಸಂಗತಿಗಳು ದಲಾಲರಿಗೂ ನೆರೆಯ ಅಂಗಡಿಯವರಿಗೂ ತಿಳಿದಿರುತ್ತಿದ್ದವು. ಹೊರ ಊರಿನ ಖರೀದಿದಾರ ಅವರನ್ನು ವಿಚಾರಿಸಿದ ಬಳಿಕವೇ ವ್ಯವಹಾರಕ್ಕೆ ಇಳಿಯುತ್ತಿದ್ದ. ಇದನ್ನೇ ನಮ್ಮ ಹಿರಿಯರು ‘ಪತ್ತು’ ಎಂದರು. ಪತ್ತಿನ ಸಹಕಾರ ಸಂಘಗಳ ಹೆಸರಿನಲ್ಲಿ ಆ ಶಬ್ದ ಇಂದಿಗೂ ಉಳಿದಿದೆ.

ಈಗ ಹಾವೇರಿ ಜಿಲ್ಲೆಯ ಒಬ್ಬ ತಯಾರಕರ ಸರಕನ್ನು ಗುವಾಹಟಿಯ ಗೃಹಿಣಿಯೊಬ್ಬರು ಮೊಬೈಲ್ ಪರದೆಯ ಮೇಲೆ ಕಂಡು, ಮುಂಗಡವಾಗಿ ಹಣ ಕಳುಹಿಸುವ ಕಾಲ ಬಂದಿದೆ. ವಿಚಾರಿಸಿಕೊಳ್ಳಲು ಅವರಿಗೆ ದಲಾಲರ ಪರಿಚಯವಿಲ್ಲ. ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಯೂಟ್ಯೂಬ್, ವಾಟ್ಸ್‌ಆ್ಯಪ್‌ಗಳಲ್ಲಿ ಆ ತಯಾರಕರು ಏನನ್ನು ಪ್ರಕಟಿಸಿದ್ದಾರೆ, ಇತರರು ಅದಕ್ಕೆ ಏನು ಹೇಳಿದ್ದಾರೆ ಎಂಬುದೇ ಅವರ ಪಾಲಿನ ವಿಚಾರಣೆ. ಆದ್ದರಿಂದ ಈ ಮಾಧ್ಯಮಗಳಲ್ಲಿ ಪತ್ತನ್ನು ಹೇಗೆ ಗಳಿಸಬೇಕು ಎಂಬುದು ಸಣ್ಣ ಉದ್ದಿಮೆದಾರರು ಗಂಭೀರವಾಗಿ ಅಭ್ಯಸಿಸತಕ್ಕ ವಿಷಯವಾಗಿದೆ.

ಹಿಂಬಾಲಕರ ಸಂಖ್ಯೆ ಪತ್ತಲ್ಲ

ಅನೇಕ ವರ್ತಕರು ಜಾಲತಾಣಕ್ಕೆ ಕಾಲಿಟ್ಟೊಡನೆ ಕೇಳುವ ಮೊದಲ ಪ್ರಶ್ನೆ, ಹಿಂಬಾಲಕರನ್ನು ಹೆಚ್ಚಿಸುವುದು ಹೇಗೆ ಎಂಬುದು. ಸಾವಿರಕ್ಕೆ ಇಷ್ಟು ಎಂಬ ದರದಲ್ಲಿ ಹಿಂಬಾಲಕರನ್ನೂ ಮೆಚ್ಚುಗೆಗಳನ್ನೂ ಮಾರುವವರು ಇದ್ದಾರೆ. ಅಂತಹ ಖಾತೆಗಳಲ್ಲಿ ಬಹುಪಾಲು ಖೊಟ್ಟಿ ಖಾತೆಗಳೇ ಆಗಿರುತ್ತವೆ. ಅವು ಸರಕನ್ನು ಕೊಳ್ಳುವುದೂ ಇಲ್ಲ, ಪ್ರಶ್ನೆ ಕೇಳುವುದೂ ಇಲ್ಲ. ಐವತ್ತು ಸಾವಿರ ಹಿಂಬಾಲಕರಿರುವ ಪುಟದಲ್ಲಿ ಒಂದು ಪ್ರಕಟಣೆಗೆ ಏಳೆಂಟು ಮಂದಿ ಮಾತ್ರ ಪ್ರತಿಕ್ರಿಯಿಸಿದ್ದರೆ, ತಿಳಿದ ಖರೀದಿದಾರ ಅದರ ಅರ್ಥವನ್ನು ಕೂಡಲೇ ಗ್ರಹಿಸುತ್ತಾನೆ.

ನೀಲಿ ಗುರುತಿನ ವಿಷಯವೂ ಹೀಗೆಯೇ. ಮೊದಲು ಪ್ರಸಿದ್ಧ ವ್ಯಕ್ತಿಗಳಿಗೂ ಸಂಸ್ಥೆಗಳಿಗೂ ಮಾತ್ರ ದೊರೆಯುತ್ತಿದ್ದ ಈ ಗುರುತು ಭಾರತದ ಇನ್‌ಸ್ಟಾಗ್ರಾಂ ಮತ್ತು ಫೇಸ್‌ಬುಕ್‌ಗಳಲ್ಲಿ 2023ರಿಂದ ಮಾಸಿಕ ಶುಲ್ಕಕ್ಕೂ ದೊರೆಯತೊಡಗಿತು. ಖಾತೆಯು ಇಂತಹವರದೇ ಎಂಬುದನ್ನು ಅದು ತಿಳಿಸಬಲ್ಲದೇ ಹೊರತು ಸರಕಿನ ಗುಣಮಟ್ಟದ ಬಗ್ಗೆ ಏನನ್ನೂ ಹೇಳುವುದಿಲ್ಲ.

ಅಪರಿಚಿತ ಖರೀದಿದಾರನು ತಾನೇ ಪರೀಕ್ಷಿಸಿ ನೋಡಬಹುದಾದ ಸಂಗತಿಗಳಿಂದ ಮಾತ್ರ ಪತ್ತು ಬೆಳೆಯುತ್ತದೆ ಎಂಬುದು ಈ ಲೇಖಕನ ಅಭಿಪ್ರಾಯ. ಇದನ್ನು ಒಂದು ಉದ್ದಿಮೆಯ ನಿದರ್ಶನದಿಂದ ವಿವರಿಸುವುದು ಸೂಕ್ತ.

ಮೆಣಸಿನ ಪುಡಿಯ ನಿದರ್ಶನ

ಮೆಣಸಿನ ಪುಡಿಯನ್ನು ಆರಿಸಿಕೊಳ್ಳಲು ಕಾರಣವಿದೆ. ಕೊಳ್ಳುವವರು ಬಣ್ಣ ನೋಡಿ ಕೊಳ್ಳುವ ಪದಾರ್ಥವಿದು; ಮೋಸ ನಡೆಯುವುದೂ ಬಣ್ಣದಲ್ಲಿಯೇ. 2003ರಲ್ಲಿ ಭಾರತದಿಂದ ಹೋದ ಮೆಣಸಿನ ಉತ್ಪನ್ನಗಳಲ್ಲಿ ಸುಡಾನ್-1 ಎಂಬ ಬಣ್ಣವು ಫ್ರಾನ್ಸ್‌ನಲ್ಲಿ ಪತ್ತೆಯಾಯಿತು. ಮೇಣ, ಪಾಲಿಶ್ ಮುಂತಾದವುಗಳಿಗೆ ಬಳಸುವ ಈ ಕೈಗಾರಿಕಾ ಬಣ್ಣವು ಆಹಾರದಲ್ಲಿ ನಿಷಿದ್ಧ. ಅದೇ ವರ್ಷ ಐರೋಪ್ಯ ಒಕ್ಕೂಟವು ಪರೀಕ್ಷಾ ವರದಿಯಿಲ್ಲದ ಮೆಣಸಿನ ಸರಕನ್ನು ಒಳಗೆ ಬಿಡಲು ನಿರಾಕರಿಸಿತು. 2005ರ ಫೆಬ್ರವರಿಯಲ್ಲಿ ಬ್ರಿಟನ್ನಿನಲ್ಲಿ ಈ ಬಣ್ಣ ಬೆರೆತ ಮೆಣಸಿನ ಪುಡಿಯು ಒಂದು ಸಾಸ್‌ನ ಮೂಲಕ ನಾನಾ ಸಿದ್ಧ ಆಹಾರಗಳಿಗೆ ಸೇರಿದ್ದು ಬೆಳಕಿಗೆ ಬಂದು, 400ಕ್ಕೂ ಹೆಚ್ಚು ಉತ್ಪನ್ನಗಳನ್ನು ಅಂಗಡಿಗಳಿಂದ ಹಿಂದೆಗೆಯಬೇಕಾಯಿತು. ತಪ್ಪು ಮಾಡದ ರಫ್ತುದಾರರೂ ಪ್ರತಿ ಸರಕಿಗೆ ಪರೀಕ್ಷೆಯ ವೆಚ್ಚ ತೆರುವಂತಾಯಿತು. ಒಂದು ಉದ್ದಿಮೆಯ ಪತ್ತು ಹೇಗೆ ಒಟ್ಟಾಗಿ ಕುಸಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಿಲ್ಲ.

ಈಗ ಬ್ಯಾಡಗಿಯಲ್ಲಿ ಪುಡಿ ತಯಾರಿಸಿ ಗ್ರಾಹಕರಿಗೆ ನೇರವಾಗಿ ಮಾರಬಯಸುವ ಒಬ್ಬ ಸಣ್ಣ ಗಿರಣಿ ಮಾಲೀಕರನ್ನು ಊಹಿಸಿಕೊಳ್ಳೋಣ. ಅವರು ತಮ್ಮ ಪುಟದಲ್ಲಿ “ಅತ್ಯುತ್ತಮ, ಶೇ. 100 ಶುದ್ಧ” ಎಂದು ಬರೆದರೆ ಆಗುವ ಪ್ರಯೋಜನವೇನು? ಕಲಬೆರಕೆ ಮಾಡುವವರೂ ಅದನ್ನೇ ಬರೆಯುತ್ತಾರೆ. ಮೇಲಾಗಿ, ‘ಶೇ. 100’ ಎಂಬ ಮಾತಿಗೆ ಆಹಾರ ಕಾನೂನಿನಲ್ಲಿ ವ್ಯಾಖ್ಯಾನವೇ ಇಲ್ಲವೆಂದೂ ಲೇಬಲ್ ಹಾಗೂ ಜಾಹೀರಾತುಗಳಲ್ಲಿ ಅದನ್ನು ಬಳಸಬಾರದೆಂದೂ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು 2025ರ ಮೇ ತಿಂಗಳಲ್ಲಿ ಸೂಚಿಸಿದೆ.

ಇದರ ಬದಲು ಅವರು ತಮ್ಮ ಕಸುಬಿನ ತಿಳಿವಳಿಕೆಯನ್ನು ಹಂಚಿಕೊಳ್ಳಬಹುದು. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ. ಅದರಲ್ಲಿ ಕಡ್ಡಿ ಮತ್ತು ಡಬ್ಬಿ ಎಂಬ ಎರಡು ಬಗೆಗಳಿವೆ: ಕಡ್ಡಿ ಉದ್ದವಾಗಿ, ಸುಕ್ಕುಸುಕ್ಕಾಗಿರುತ್ತದೆ, ಡಬ್ಬಿ ಗಿಡ್ಡ ಹಾಗೂ ದಪ್ಪ. ಎರಡರಲ್ಲಿಯೂ ಬಣ್ಣ ಹೆಚ್ಚು, ಖಾರ ಕಡಿಮೆ. ಹೊರರಾಜ್ಯದ ಗ್ರಾಹಕರು ಸಾಮಾನ್ಯವಾಗಿ ಮಾಡುವ ದೂರು, “ಪುಡಿಯಲ್ಲಿ ಖಾರವೇ ಇಲ್ಲ” ಎಂಬುದು. ಖಾರವಿಲ್ಲದಿರುವುದು ಈ ತಳಿಯ ಸ್ವಭಾವವೇ ಹೊರತು ದೋಷವಲ್ಲವೆಂದೂ, ಖಾರ ಬೇಕಾದವರು ಗುಂಟೂರಿನ ಬಗೆಯನ್ನು ಬೆರೆಸಿಕೊಳ್ಳಬೇಕೆಂದೂ ಎರಡು ನಿಮಿಷದ ದೃಶ್ಯಮುದ್ರಿಕೆಯಲ್ಲಿ ತಿಳಿಸಿದರೆ, ಆ ದೂರು ಹುಟ್ಟುವ ಮೊದಲೇ ಅಡಗುತ್ತದೆ. ತಮ್ಮ ಸರಕು ಎಲ್ಲರಿಗೂ ಸಲ್ಲುವುದಲ್ಲ ಎಂದು ತಾವೇ ಹೇಳುವ ವ್ಯಾಪಾರಿಯ ಉಳಿದ ಮಾತುಗಳನ್ನೂ ಜನ ನಂಬುತ್ತಾರೆ.

ಬಣ್ಣವು ದಿನ ಕಳೆದಂತೆ ಮಾಸುತ್ತದೆ. ಅದಕ್ಕಾಗಿಯೇ ಕಾಯಿಯನ್ನು ಶೀತಲಗೃಹಗಳಲ್ಲಿ ಇಡುತ್ತಾರೆ. ಹೊಸ ಬೆಳೆಗೂ ಶೀತಲಗೃಹದ ಮಾಲಿಗೂ ಇರುವ ವ್ಯತ್ಯಾಸ, ತೊಟ್ಟು ಬಿಡಿಸುವ ಕೆಲಸ, ಗಿರಣಿಯ ಕಾವು ಹೆಚ್ಚಾದರೆ ಪುಡಿಯ ಬಣ್ಣ ಮತ್ತು ವಾಸನೆಗೆ ಒದಗುವ ಹಾನಿ, ಮಾರುಕಟ್ಟೆಯ ಆವಕ ಮತ್ತು ಧಾರಣೆ – ಇವೆಲ್ಲವೂ ಬರೆಯಲು ಯೋಗ್ಯವಾದ ವಿಷಯಗಳು. ವಾರಕ್ಕೊಮ್ಮೆ ಮಾರುಕಟ್ಟೆಯ ಸ್ಥಿತಿಯನ್ನು ಐದಾರು ಸಾಲುಗಳಲ್ಲಿ ತಪ್ಪದೆ ಬರೆಯುವ ವರ್ತಕರನ್ನು ಒಂದೆರಡು ವರ್ಷಗಳಲ್ಲಿ ಆ ವಿಷಯದ ಬಲ್ಲವರೆಂದು ಜನ ಗುರುತಿಸತೊಡಗುತ್ತಾರೆ. ದಿನಬೆಳಗಾದರೆ ಹೂವಿನ ಚಿತ್ರದೊಡನೆ ‘ಶುಭೋದಯ’ ಕಳುಹಿಸುವವರಿಗೆ ಈ ಭಾಗ್ಯವಿಲ್ಲ.

ಪರೀಕ್ಷೆಯ ವಿಷಯದಲ್ಲಿ ಎಚ್ಚರ ಅಗತ್ಯ. ಗಾಜಿನ ಲೋಟದ ನೀರಿನ ಮೇಲೆ ಪುಡಿಯನ್ನು ಉದುರಿಸಿದಾಗ ಬಣ್ಣದ ಎಳೆಗಳು ಕೆಳಗಿಳಿದರೆ ಕೃತಕ ಬಣ್ಣ ಬೆರೆತಿದೆ ಎಂದು ತಿಳಿಯುವ ಸರಳ ವಿಧಾನವನ್ನು ಆಹಾರ ಪ್ರಾಧಿಕಾರವೇ ಪ್ರಚುರಪಡಿಸಿದೆ. ಆದರೆ ಇದರಿಂದ ನೀರಿನಲ್ಲಿ ಕರಗುವ ಬಣ್ಣಗಳು ಮಾತ್ರ ಕಾಣಿಸಿಕೊಳ್ಳುತ್ತವೆ. ಸುಡಾನ್ ಬಣ್ಣಗಳು ಎಣ್ಣೆಯಲ್ಲಿ ಕರಗುವಂತಹವಾದ್ದರಿಂದ ಅವು ಈ ಪರೀಕ್ಷೆಗೆ ಸಿಗುವುದಿಲ್ಲ, ಪ್ರಯೋಗಾಲಯವೇ ಬೇಕು. ಲೋಟದ ಪರೀಕ್ಷೆಯನ್ನು ತೋರಿಸಿ “ನಮ್ಮದು ಶುದ್ಧ” ಎಂದು ಮುಗಿಸುವುದು ಅರ್ಧಸತ್ಯ. ಮಾನ್ಯತೆ ಪಡೆದ ಪ್ರಯೋಗಾಲಯದ ವರದಿಯನ್ನು, ಪೊಟ್ಟಣದ ಮೇಲಿನ ತಂಡದ ಸಂಖ್ಯೆಯೊಡನೆ, ಪುಟದಲ್ಲಿ ಪ್ರಕಟಿಸುವುದು ಪೂರ್ಣ ಉತ್ತರ. ತನ್ನ ಕೈಯಲ್ಲಿರುವ ಪೊಟ್ಟಣದ ಸಂಖ್ಯೆಯನ್ನು ಗ್ರಾಹಕನು ವರದಿಯೊಡನೆ ತಾಳೆ ನೋಡಬಹುದು. ಪ್ರತಿ ತಂಡಕ್ಕೂ ಪರೀಕ್ಷೆ ಮಾಡಿಸುವುದು ಸಣ್ಣ ಗಿರಣಿಗೆ ಭಾರವಾದೀತು. ಹಾಗಿದ್ದಲ್ಲಿ ಯಾವ ತಂಡಗಳಿಗೆ ಮಾಡಿಸಿದೆ, ಯಾವುದಕ್ಕಿಲ್ಲ ಎಂಬುದನ್ನು ಬಿಚ್ಚಿ ಹೇಳಿದರಾಯಿತು.

ತಾಳೆ ನೋಡಬಹುದಾದ ಸಂಖ್ಯೆಗಳು

ಇತರ ಉದ್ದಿಮೆಗಳವರಿಗೂ ಇಂತಹ ಆಧಾರಗಳು ಲಭ್ಯ. ಆಹಾರ ಪದಾರ್ಥಕ್ಕೆ 14 ಅಂಕಿಗಳ ಪರವಾನಗಿ ಅಥವಾ ನೋಂದಣಿ ಸಂಖ್ಯೆ ಇದೆ. ಚಿನ್ನದ ಆಭರಣದ ಮೇಲೆ ಆರು ಅಕ್ಷರ-ಅಂಕಿಗಳ ಹಾಲ್‌ಮಾರ್ಕ್ ಗುರುತಿರುತ್ತದೆ. ಭಾರತೀಯ ಮಾನಕ ಬ್ಯೂರೋದ ಮೊಬೈಲ್ ತಂತ್ರಾಂಶದಲ್ಲಿ ಅದನ್ನು ಯಾರು ಬೇಕಾದರೂ ಪರಿಶೀಲಿಸಬಹುದು. ರೇಷ್ಮೆ ಸೀರೆ ಮಾರುವವರಿಗೆ ಕೇಂದ್ರ ರೇಷ್ಮೆ ಮಂಡಳಿಯು 2004ರಲ್ಲಿ ಆರಂಭಿಸಿದ ಸಿಲ್ಕ್ ಮಾರ್ಕ್ ಇದೆ. ಎಲ್ಲಕ್ಕಿಂತ ಸುಲಭವಾದುದು ಜಿ.ಎಸ್.ಟಿ. ಸಂಖ್ಯೆ. ಕರ್ನಾಟಕದಲ್ಲಿ 29ರಿಂದ ಆರಂಭವಾಗುವ ಆ 15 ಅಕ್ಷರ-ಅಂಕಿಗಳನ್ನು ಜಿ.ಎಸ್.ಟಿ. ಜಾಲತಾಣದಲ್ಲಿ ನಮೂದಿಸಿದರೆ ಸಂಸ್ಥೆಯ ಹೆಸರು, ನೋಂದಣಿಯ ದಿನಾಂಕ, ನೋಂದಣಿ ಚಾಲ್ತಿಯಲ್ಲಿದೆಯೇ ಎಂಬ ವಿವರಗಳು ದೊರೆಯುತ್ತವೆ. ಪುಟದ ಪರಿಚಯ ಭಾಗದಲ್ಲಿ ವಿಳಾಸದೊಡನೆ ಈ ಸಂಖ್ಯೆಯನ್ನು ಹಾಕಲು ಖರ್ಚಿಲ್ಲ. ಆದರೂ ಎಷ್ಟೋ ಸದಸ್ಯರು ಬರೀ ದೂರವಾಣಿ ಸಂಖ್ಯೆ ಹಾಕಿ ಸುಮ್ಮನಾಗುತ್ತಾರೆ.

ಭೌಗೋಳಿಕ ಸೂಚಕದ ಹೆಸರನ್ನು ಬಳಸುವವರು ಇನ್ನೊಂದು ಅಂಶವನ್ನು ಗಮನಿಸತಕ್ಕದ್ದು. 1999ರ ಕಾಯಿದೆಯಂತೆ ಅಂತಹ ಹೆಸರಿಗೆ ಅಧಿಕೃತ ಬಳಕೆದಾರರ ನೋಂದಣಿಯ ವ್ಯವಸ್ಥೆಯಿದೆ. ಬೇರೆಡೆಯ ಸರಕಿಗೆ ಇಳಕಲ್, ಚನ್ನಪಟ್ಟಣ, ಬ್ಯಾಡಗಿ ಎಂಬ ಹೆಸರುಗಳನ್ನಿಟ್ಟು ಮಾರುವುದು ಶಿಕ್ಷಾರ್ಹ ಅಪರಾಧ. ಜಾಲತಾಣದಲ್ಲಿ ಹಾಕಿದ ಚಿತ್ರ ಮತ್ತು ಬರಹ ಅಳಿಸಿದ ಮೇಲೂ ಇತರರ ಮೊಬೈಲ್‌ಗಳಲ್ಲಿ ಉಳಿದು ಸಾಕ್ಷ್ಯವಾಗಬಲ್ಲವು.

ಹೊಗಳಿಕೆ ಮತ್ತು ದೂರು

ಕೊಂಡುತಂದ ಹೊಗಳಿಕೆಯನ್ನು ಕಾನೂನು ಈಗ ಲಘುವಾಗಿ ಪರಿಗಣಿಸುವುದಿಲ್ಲ. ಮಾರಾಟಗಾರನು ಗ್ರಾಹಕನ ವೇಷ ಧರಿಸಿ ವಿಮರ್ಶೆ ಬರೆಯುವುದನ್ನು 2020ರ ಇ-ವಾಣಿಜ್ಯ ನಿಯಮಗಳು ನಿಷೇಧಿಸಿವೆ. ಹಣ ಅಥವಾ ಉಚಿತ ಸರಕು ಪಡೆದು ಪ್ರಚಾರ ಮಾಡುವವರು ಆ ಸಂಬಂಧವನ್ನು ಬಹಿರಂಗಪಡಿಸಬೇಕೆಂದು 2022ರ ಜೂನ್‌ನಲ್ಲಿ ಹೊರಬಂದ ಮಾರ್ಗಸೂಚಿಗಳು ವಿಧಿಸಿವೆ. ದಾರಿತಪ್ಪಿಸುವ ಜಾಹೀರಾತಿಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 10 ಲಕ್ಷ ರೂಪಾಯಿಗಳವರೆಗೂ, ಪುನರಾವರ್ತನೆಯಾದರೆ 50 ಲಕ್ಷದವರೆಗೂ ದಂಡ ವಿಧಿಸಬಹುದು. “ಇನ್ನು ಎರಡೇ ಉಳಿದಿವೆ, ತ್ವರೆಮಾಡಿ” ಎಂದು ಗೋದಾಮು ತುಂಬಿರುವಾಗಲೂ ಬರೆಯುವ ಹಳೆಯ ಚಾಳಿಯನ್ನು 2023ರ ನವೆಂಬರ್‌ನ ಮಾರ್ಗಸೂಚಿಗಳು ಹೆಸರಿಸಿ ನಿಷೇಧಿಸಿವೆ.

ಆದರೆ ಪತ್ತನ್ನು ನಿಜವಾಗಿ ಒರೆಗೆ ಹಚ್ಚುವುದು ಹೊಗಳಿಕೆಯಲ್ಲ, ದೂರು. ಎಲ್ಲರೂ ಕಾಣುವಂತೆ ಬರೆದ ದೂರನ್ನು ಅಳಿಸಿಹಾಕಬೇಕೆಂಬ ಆಸೆ ಸಹಜ. ಅಳಿಸಿದರೆ ದೂರುದಾರ ಅದನ್ನು ಇನ್ನೂ ನಾಲ್ಕು ಕಡೆ ಬರೆಯುತ್ತಾನೆ. ಅಲ್ಲಿಯೇ, ಸೌಜನ್ಯದಿಂದ, ತಂಡದ ಸಂಖ್ಯೆ ಕೇಳಿ, ಪರಿಶೀಲಿಸಿ, ಮಾಲು ಬದಲಿಸಿಕೊಟ್ಟದ್ದನ್ನೋ ಹಣ ಮರಳಿಸಿದ್ದನ್ನೋ ತಿಳಿಸಿದರೆ, ಆ ಸಂವಾದವನ್ನು ಓದುವ ನೂರು ಮಂದಿ ಅಪರಿಚಿತರ ಮೇಲೆ ಆಗುವ ಪರಿಣಾಮ ಯಾವ ಜಾಹೀರಾತಿನಿಂದಲೂ ಆಗದು. ಗ್ರಾಹಕರ ದೂರವಾಣಿ, ವಿಳಾಸಗಳನ್ನು ಮಾತ್ರ ಬಹಿರಂಗವಾಗಿ ಬರೆಯಕೂಡದು. ಅವುಗಳಿಗೆ ಖಾಸಗಿ ಸಂದೇಶವೇ ಮಾರ್ಗ. ಕಾಲಾವಧಿಯ ಬಗ್ಗೆ ಸಂದೇಹವಿದ್ದವರು ಇ-ವಾಣಿಜ್ಯ ನಿಯಮಗಳ ಅಳತೆಯನ್ನೇ ಅನುಸರಿಸಬಹುದು: 48 ಗಂಟೆಗಳೊಳಗೆ ದೂರಿನ ಸ್ವೀಕೃತಿ, ಒಂದು ತಿಂಗಳೊಳಗೆ ಪರಿಹಾರ. ದೂರು ಸುಳ್ಳಾಗಿದ್ದರೆ ದಾಖಲೆಯೊಡನೆ ಒಮ್ಮೆ ಉತ್ತರಿಸಿ ನಿಲ್ಲಿಸಬೇಕು. ವಾದ ಬೆಳೆಸಿದಷ್ಟೂ ವ್ಯಾಪಾರಿಗೇ ನಷ್ಟ.

ಪುಟ ಯಾರ ಕೈಯಲ್ಲಿರಬೇಕು?

ಬಹುತೇಕ ಸಣ್ಣ ಸಂಸ್ಥೆಗಳಲ್ಲಿ ಪುಟವನ್ನು ತೆರೆದುಕೊಟ್ಟವರು ಮನೆಯ ಹುಡುಗರು ಅಥವಾ ಹೊರಗಿನ ಪ್ರಚಾರ ಏಜೆನ್ಸಿಯವರು. ಖಾತೆಯು ಅವರ ಮೊಬೈಲ್ ಸಂಖ್ಯೆಗೆ ಜೋಡಿಸಲ್ಪಟ್ಟಿರುತ್ತದೆ. ಹುಡುಗ ಬೆಂಗಳೂರಿಗೆ ನೌಕರಿಗೆ ಹೋದ ಮೇಲೆ ಅಥವಾ ಏಜೆನ್ಸಿಯೊಡನೆ ಬಾಕಿಯ ವಿಷಯದಲ್ಲಿ ಮನಸ್ತಾಪವಾದ ಮೇಲೆ, ವರ್ಷಗಟ್ಟಲೆ ಗಳಿಸಿದ ಹೆಸರು ಪರರ ಕೈಯಲ್ಲಿ ಉಳಿಯುತ್ತದೆ. ಖಾತೆಯು ಸಂಸ್ಥೆಯದೇ ಸಂಖ್ಯೆ ಮತ್ತು ಇ-ಅಂಚೆಯಲ್ಲಿರಬೇಕು, ಎರಡು ಹಂತದ ದೃಢೀಕರಣವಿರಬೇಕು, ಮಾಲೀಕರ ಜೊತೆಗೆ ನಂಬಿಕಸ್ಥ ಮತ್ತೊಬ್ಬರಿಗೆ ಮಾತ್ರ ಅಧಿಕಾರವಿರಬೇಕು. ಅಂಗಡಿಯ ಬೀಗದ ಕೈಗೆ ಕೊಡುವಷ್ಟು ಗಮನವನ್ನು ಇದಕ್ಕೂ ಕೊಡುವುದು ಲೇಸು.

ಹೆಸರು ಬೆಳೆದಂತೆ ಅದನ್ನೇ ಅನುಕರಿಸಿ ಖೊಟ್ಟಿ ಪುಟ ತೆರೆದು ಮುಂಗಡ ವಸೂಲು ಮಾಡುವವರೂ ಹುಟ್ಟಿಕೊಳ್ಳುತ್ತಾರೆ. ಅಂತಹದು ಕಂಡೊಡನೆ ಮಾಧ್ಯಮ ಸಂಸ್ಥೆಗೆ ವರದಿ ಮಾಡಿ, ರಾಷ್ಟ್ರೀಯ ಸೈಬರ್ ಅಪರಾಧ ವರದಿ ಪೋರ್ಟಲ್‌ನಲ್ಲಿ ದೂರು ದಾಖಲಿಸಬೇಕು. ಹಣ ಕಳೆದುಕೊಂಡ ಗ್ರಾಹಕರಿಗೆ 1930 ಸಂಖ್ಯೆಗೆ ತಡಮಾಡದೆ ಕರೆ ಮಾಡುವಂತೆ ತಿಳಿಸಬೇಕು. ತಮ್ಮ ಅಧಿಕೃತ ಪುಟ ಯಾವುದು, ಹಣ ಯಾವ ಖಾತೆಯ ಹೆಸರಿಗೆ ಮಾತ್ರ ಸಂದಾಯವಾಗಬೇಕು ಎಂಬುದನ್ನು ಬಿಲ್ಲಿನ ಮೇಲೂ ಪೊಟ್ಟಣದ ಮೇಲೂ ಮುದ್ರಿಸಿದ್ದರೆ, ಗ್ರಾಹಕರು ಹಣ ಕಳುಹಿಸುವ ಮುನ್ನವೇ ವ್ಯತ್ಯಾಸವನ್ನು ಗುರುತಿಸಿಯಾರು.