ಬಣ್ಣವೆಲ್ಲ ಜಗಳದ್ದೇ

ಮಲಾವಿ ಸರೋವರದ ಸಿಕ್ಲಿಡ್‌ಗಳಿರುವ ದೊಡ್ಡ ತೊಟ್ಟಿಯ ಮುಂದೆ ನಿಂತವರು ಕೇಳುವ ಮೊದಲ ಪ್ರಶ್ನೆ, ‘ಇವು ಸಮುದ್ರದ ಮೀನಾ?’ ಆ ನೀಲಿ, ಹಳದಿ, ಕಿತ್ತಳೆ ಕಂಡರೆ ಹಾಗನ್ನಿಸುವುದು ಸಹಜ. ಆದರೆ ಇವು ಅಪ್ಪಟ ಸಿಹಿನೀರಿನವು. ನಮ್ಮ ಕೆರೆಗಳಲ್ಲಿ ಬಲೆಗೆ ಬೀಳುವ ಜಿಲೇಬಿ ಮೀನೂ ಆಫ್ರಿಕಾದಿಂದ ಬಂದ ಇದೇ ಕುಟುಂಬದ್ದು ಅಂದರೆ ಊರಿನಿಂದ ಬಂದವರು ನಂಬುವುದಿಲ್ಲ. ಮೃಗಾಲಯದಲ್ಲಿ ಇಂಥ ತೊಟ್ಟಿ ನೋಡಿಕೊಳ್ಳುತ್ತ ಕಲಿತದ್ದು ಇಷ್ಟು.

1. ಥಳಥಳಿಸುವ ಮೀನನ್ನು ನೋಡುಗರಿಗೆ ಬಿಡಿ.
ಅಷ್ಟು ಬಣ್ಣ ತಳೆದ ಗಂಡು ಒಂದು ಬಂಡೆಯ ಒಡೆತನ ಗೆದ್ದಿದೆ ಎಂದರ್ಥ. ಸೋತ ಗಂಡು ನೋಡನೋಡುತ್ತಲೇ ಮಂಕಾಗುತ್ತದೆ. ಬೆಳಿಗ್ಗೆ ದೀಪ ಹಾಕಿದ ಕೂಡಲೇ ನಾನು ನೋಡುವುದು ನೀರಿನ ಮೇಲ್ಭಾಗದ ಮೂಲೆಗಳನ್ನು, ಪೈಪಿನ ಹಿಂಬದಿಯನ್ನು. ರೆಕ್ಕೆ ಹರಿದುಕೊಂಡು, ಉಸಿರು ಬಿಗಿಹಿಡಿದಂತೆ ನಿಂತವು ಅಲ್ಲಿರುತ್ತವೆ. ತೊಟ್ಟಿಯ ನಿಜವಾದ ಸ್ಥಿತಿ ಹೇಳುವುದು ಅವು.

2. ಮೀನು ಕಡಿಮೆ ಮಾಡಿದರೆ ಜಗಳ ಹೆಚ್ಚುತ್ತದೆ.
ಕೆಲವೇ ಮೀನುಗಳಿದ್ದರೆ ಪುಂಡನೊಬ್ಬ ದಿನವಿಡೀ ಒಂದನ್ನೇ ಅಟ್ಟುತ್ತಾನೆ. ಗುಂಪು ದೊಡ್ಡದಾದರೆ ಯಾರನ್ನು ಅಟ್ಟುವುದೆಂದು ತಿಳಿಯದೆ ಅವನ ಸಿಟ್ಟು ಹಂಚಿಹೋಗುತ್ತದೆ. ಒಂದು ಗಂಡಿಗೆ ಹಲವು ಹೆಣ್ಣುಗಳನ್ನು ಬಿಡುವುದೂ ಇದಕ್ಕೇ. ಆದರೆ ಗುಂಪು ದೊಡ್ಡದಾದಷ್ಟೂ ಹೊಲಸು ಹೆಚ್ಚು. ಮಲಾವಿಯ ನೀರು ಕ್ಷಾರೀಯ, ಪಿಎಚ್ 8ರ ಆಸುಪಾಸು; ಅಂಥ ನೀರಿನಲ್ಲಿ ಅಮೋನಿಯಾದ ವಿಷ ಇನ್ನೂ ತೀಕ್ಷ್ಣ. ಹಾಗಾಗಿ ಫಿಲ್ಟರಿನ ಗಾತ್ರ ನಿಗದಿ ಮಾಡುವಾಗ ಎಷ್ಟು ಲೀಟರ್ ನೀರು ಅನ್ನುವುದರ ಜೊತೆಗೆ ದಿನಕ್ಕೆ ಎಷ್ಟು ಆಹಾರ ಬೀಳುತ್ತದೆ ಅನ್ನುವುದನ್ನೂ ಕೇಳಬೇಕು. ಪಂಪು ಕೈಕೊಟ್ಟರೆ ಮೊದಲು ನಿಲ್ಲಿಸಬೇಕಾದದ್ದು ಊಟ. ಒಂದೆರಡು ದಿನದ ಉಪವಾಸದಿಂದ ಇವಕ್ಕೆ ಏನೂ ಆಗುವುದಿಲ್ಲ.

3. ಬಂಡೆ ಕೂರಿಸುವ ಮೊದಲೇ ಮೀನು ಹಿಡಿಯುವ ದಾರಿ ಯೋಚಿಸಿ.
ವಿನ್ಯಾಸಕಾರರಿಗೆ ಗುಹೆ, ಬಿರುಕುಗಳೆಂದರೆ ಪ್ರೀತಿ. ಮಲಾವಿಯ ಬಂಡೆದಂಡೆಯಲ್ಲಿ ಬದುಕುವ ಎಂಬೂನಾ ಮೀನುಗಳಿಗೂ ಅವು ಬೇಕು. ಗಾಯಗೊಂಡ ಒಂದನ್ನು ಹೊರತೆಗೆಯಬೇಕಾದ ದಿನ ಮಾತ್ರ ಆ ಸೊಬಗೇ ಶತ್ರು. ಹಗಲಲ್ಲಿ ಬಲೆ ಇಳಿಸಿದರೆ ಸಿಗುವುದು ನೀರು ಮಾತ್ರ. ರಾತ್ರಿ ಟಾರ್ಚ್ ಹಿಡಿದು ಹೋಗಬೇಕು, ಇಲ್ಲವೇ ನೀರು ಇಳಿಸಬೇಕು. ನೀರು ಇಳಿಸಿದಾಗ ಮೀನೆಲ್ಲ ತೆರವಾದ ಜಾಗಕ್ಕೆ ಬರುವಂತೆ ಬಂಡೆಗಳ ಇಳಿಜಾರು ಇರಲಿ. ಕಾಂಕ್ರೀಟಿನ ಕೃತಕ ಬಂಡೆಗಳ ನಡುವೆ ಎತ್ತಿಡಬಹುದಾದ ಬಿಡಿ ಕಲ್ಲುಗಳೂ ಇರಲಿ. ಹೊಸ ಮೀನು ಬಿಡುವ ದಿನ ಅವನ್ನು ಸ್ಥಳಾಂತರಿಸಿದರೆ ಹಳಬರ ಗಡಿಗಳೂ ಅಳಿಸಿಹೋಗುತ್ತವೆ; ಎಲ್ಲರೂ ಹೊಸದಾಗಿ ಶುರುಮಾಡಬೇಕು. ಹೊಸಬರನ್ನು ಒಂಟಿಯಾಗಿ ಬಿಡಬೇಡಿ. ಗುಂಪಾಗಿ, ದೀಪ ಆರಿದ ಮೇಲೆ ಬಿಡಿ.

ಇನ್ನೊಂದು ಮಾತು: ಕಲ್ಲು ತೊಟ್ಟಿಯ ತಳದ ಮೇಲೆ ನೇರವಾಗಿ ಕೂರಬೇಕು, ಮರಳು ಆಮೇಲೆ. ಇವು ಬಾಯಿ ತುಂಬ ಮರಳು ತೆಗೆದು ಬೇರೆ ಕಡೆ ಉಗುಳುತ್ತಲೇ ಇರುತ್ತವೆ. ಮರಳಿನ ಮೇಲಿಟ್ಟ ಬಂಡೆ ಒಂದು ದಿನ ಉರುಳುವುದು ಖಂಡಿತ.

4. ಪಾಚಿ ಉಜ್ಜಬೇಡಿ.
ನೋಡುವ ಗಾಜನ್ನಷ್ಟೇ ಒರೆಸಿ. ಬಂಡೆಯ ಪಾಚಿ ಎಂಬೂನಾಗಳ ಮೇವು. ಅದನ್ನು ಕೆರೆಯುತ್ತಿರುವ ಮೀನಿಗೆ ಜಗಳಕ್ಕೆ ಪುರುಸೊತ್ತೂ ಕಡಿಮೆ. ‘ಬಂಡೆ ಕೊಳಕಾಗಿದೆ’ ಎಂದು ಮೇಲಿನವರು ಹೇಳುತ್ತಾರೆ. ಹೇಳಲಿ. ಗಾಜಿನ ಬದಲು ಅಕ್ರಿಲಿಕ್ ಇದ್ದರೆ ಒರೆಸುವ ಪ್ಯಾಡಿನಲ್ಲಿ ಒಂದು ಮರಳಿನ ಕಣ ಉಳಿದರೂ ಉದ್ದನೆಯ ಗೀರು ಬೀಳುತ್ತದೆ. ಒರೆಸಲು ನೀರಿಗಿಳಿದವರ ಕಿವಿ, ಕೈಕೂದಲು ಕಚ್ಚುವುದು ಈ ಮೀನುಗಳ ಸ್ವಭಾವ. ನೋವಾಗುವುದಿಲ್ಲ, ಕಿರಿಕಿರಿಯಾಗುತ್ತದೆ.

5. ಇಲ್ಲಿ ಹುಟ್ಟಿದ ಮರಿ ಇಲ್ಲಿಂದ ಹೊರಗೆ ಹೋಗಬಾರದು.
ಹಲವು ಜಾತಿಗಳು ಒಟ್ಟಿಗಿರುವ ಪ್ರದರ್ಶನ ತೊಟ್ಟಿಯಲ್ಲಿ ಬೆರಕೆ ಆಗಿಯೇ ಆಗುತ್ತದೆ. ಹೆಣ್ಣು ಗಂಡನ್ನು ಆರಿಸುವುದರಲ್ಲಿ ಬಣ್ಣದ ಪಾತ್ರ ದೊಡ್ಡದು. ವಿಕ್ಟೋರಿಯಾ ಸರೋವರದ ನೀರು ಕದಡಿ ಬಣ್ಣ ಕಾಣದಾದಾಗ ಜಾತಿಗಳ ನಡುವಿನ ಗೆರೆಯೇ ಅಳಿಸುತ್ತದೆ ಎಂದು ಜೀವವಿಜ್ಞಾನಿ ಓಲೆ ಸೀಹೌಸನ್ ಮತ್ತು ಸಂಗಡಿಗರು 1997ರಲ್ಲಿ ತೋರಿಸಿದರು. 1950ರ ದಶಕದಲ್ಲಿ ಆ ಸರೋವರಕ್ಕೆ ಬಿಟ್ಟ ನೈಲ್ ಪರ್ಚ್ ಎಂಬ ಬೇಟೆಗಾರ ಮೀನು 1980ರ ದಶಕದಲ್ಲಿ ಹೆಚ್ಚಿದಾಗ ಅಲ್ಲಿನ ಸಿಕ್ಲಿಡ್‌ಗಳು ಕುಸಿದವು. ಅಳಿದುಳಿದ ಕೆಲವನ್ನು ಮೃಗಾಲಯಗಳೂ ಮೀನಾಗಾರಗಳೂ ಸಾಕಿ ಉಳಿಸಿದವು. ಅಂಥ ಶುದ್ಧ ತಳಿಗಳಿಗೆ ಹಿಂಬದಿಯ ಕೋಣೆಯಲ್ಲಿ ಬೇರೆ ತೊಟ್ಟಿಗಳೇ ಬೇಕು. ಜನ ನೋಡದಿದ್ದರೂ ಚಿಂತೆಯಿಲ್ಲ. ಪ್ರದರ್ಶನದ ಮರಿಗಳ ಲೆಕ್ಕ ನಿಂಬೋಕ್ರೋಮಿಸ್ ಲಿವಿಂಗ್‌ಸ್ಟೋನಿ ನೋಡಿಕೊಳ್ಳುತ್ತದೆ. ಕೊಳೆತ ಹೆಣದಂಥ ಮಚ್ಚೆ ಮೈಯಲ್ಲಿ ಮರಳ ಮೇಲೆ ಒರಗಿ, ಸತ್ತಂತೆ ನಟಿಸಿ, ಮೂಸಲು ಬಂದ ಸಣ್ಣ ಮೀನನ್ನು ಹಿಡಿಯುವ ಕಳ್ಳ ಅದು. ‘ಒಂದು ಮೀನು ಸತ್ತಿದೆ’ ಎಂದು ದೂರು ಬಂದರೆ ಬಲೆ ಒಯ್ಯುವ ಮುನ್ನ ಸ್ವಲ್ಪ ಕಾಯಿರಿ.

6. ಊಟಕ್ಕೆ ಬರದವರ ಪಟ್ಟಿ ಮಾಡಿ.
ಎಂಬೂನಾಗಳ ಕರುಳು ಉದ್ದ. ಸೊಪ್ಪು, ಸ್ಪಿರುಲಿನಾ ಸಾಕು. ಕೊಬ್ಬಿನ ಮಾಂಸ ಕೊಟ್ಟರೆ ಹೊಟ್ಟೆಯುಬ್ಬರ ಬರುತ್ತದೆ, ಅದರ ಮೊದಲ ಲಕ್ಷಣ ಊಟ ಬಿಡುವುದು. ಆದರೆ ಮರಿಗಳನ್ನು ಬಾಯಲ್ಲಿಟ್ಟುಕೊಂಡ ತಾಯಿಯೂ ಸುಮಾರು ಮೂರು ವಾರ ಉಣ್ಣುವುದಿಲ್ಲ. ಗದ್ದ ಉಬ್ಬಿದ್ದರೆ ಅವಳ ಪಾಡಿಗೆ ಬಿಡಿ. ಉಬ್ಬಿದ್ದು ಹೊಟ್ಟೆಯಾಗಿದ್ದು, ಹಿಕ್ಕೆ ಬಿಳಿ ದಾರದಂತೆ ಇಳಿಯುತ್ತಿದ್ದರೆ ಆ ರಾತ್ರಿಯೇ ಟಾರ್ಚ್ ತೆಗೆದುಕೊಂಡು ಬನ್ನಿ.