ಮಕ್ಕಳು ನಮ್ಮ ರಾಕ್ಷಸನನ್ನು ಕಟ್ಟಿಹಾಕಿದಾಗ



ಶನಿವಾರ ಸಂಜೆ ನಮ್ಮ ಊಟದ ಮೇಜಿನ ಸುತ್ತ ಕೂಟದ ನಾಲ್ಕು ಮಕ್ಕಳು ಸೇರಿ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಆಡುತ್ತಾರೆ. 1974ರಲ್ಲಿ ಗ್ಯಾರಿ ಗೈಗಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ಆಟ. ಕಥೆ ನಡೆಸುವ 'ಡಂಜನ್ ಮಾಸ್ಟರ್' ನಾನು. ನಮ್ಮ ಕಡೆಯ ಭಾಗವತ ಇದ್ದ ಹಾಗೆ ಅನ್ನಿ, ಹಾಡೊಂದು ಬರುವುದಿಲ್ಲ.

ಕಳೆದ ತಿಂಗಳು ಒಬ್ಬ ಹುಡುಗ ನನ್ನನ್ನು ಸುಸ್ತು ಮಾಡಿದ. ನಾವು ಆಡುವುದು 2014ರ ನಿಯಮಪುಸ್ತಕದಂತೆ. ಅದರಲ್ಲಿ 'ಫೀಟ್' ಎಂಬ ವಿಶೇಷ ವಿದ್ಯೆಗಳಿವೆ. 'ಪೋಲಾರ್ಮ್ ಮಾಸ್ಟರ್' ಕಲಿತವನು ಗ್ಲೇವ್ ಎಂಬ ಉದ್ದ ಹಿಡಿಯ ಆಯುಧ ಹಿಡಿದಿದ್ದರೆ, ಶತ್ರು 10 ಅಡಿಯೊಳಗೆ ಕಾಲಿಟ್ಟ ಕೂಡಲೇ ಒಂದು 'ಆಪರ್ಚುನಿಟಿ ಅಟ್ಯಾಕ್' ಕೊಡಬಹುದು. 'ಸೆಂಟಿನೆಲ್' ಕಲಿತಿದ್ದರೆ, ಅಂಥ ಏಟು ತಗುಲಿದ ಶತ್ರು ಆ ಸರದಿಯಲ್ಲಿ ಮುಂದೆ ಹೆಜ್ಜೆ ಇಡುವಂತಿಲ್ಲ. ಬಿಡಿಬಿಡಿಯಾಗಿ ಎರಡೂ ಸಾಧು. ಕೂಡಿಸಿದರೆ? 5 ಅಡಿಯಷ್ಟೇ ಕೈ ಎಟಕುವ ರಾಕ್ಷಸ 10 ಅಡಿ ದೂರದಲ್ಲೇ ನಿಂತುಬಿಡುತ್ತಾನೆ. ಮೂರು ರಾತ್ರಿ ಕೂತು ನಾನು ಬರೆದ ಓಗರ್ ದೊರೆ ಹುಡುಗನನ್ನು ಮುಟ್ಟದೆಯೇ ಸತ್ತ.

ಸಿಟ್ಟಿನಲ್ಲಿ "ಇದು ನಡೆಯೋಲ್ಲ, ಒಂದು ಫೀಟ್ ಬಿಡು" ಅಂದೆ. ತಪ್ಪು ನನ್ನದೇ. ಅವನು ಪುಸ್ತಕ ಓದಿ, ನಾಲ್ಕನೇ ಲೆವೆಲ್‌ವರೆಗೆ ಕಾದು ಕಟ್ಟಿದ್ದದು. ಮುಂದಿನ ವಾರ ಬರಲಿಲ್ಲ. ಅವನ ತಾಯಿ ಫೋನ್ ಮಾಡಿ, "ವಾರದಲ್ಲಿ ಅವನು ಕನ್ನಡ ಮಾತಾಡೋದು ಅದೊಂದೇ ಸಂಜೆ, ಸ್ವಲ್ಪ ನೋಡಿ" ಅಂದರು.

ಆಮೇಲೆ ಬಗ್ ಹುಡುಕುವವನ ಹಾಗೆ ನಿಯಮಗಳನ್ನು ಮತ್ತೆ ಓದಿದೆ. ಆ ಏಟಿಗೆ 'ರಿಯಾಕ್ಷನ್' ಬೇಕು. ಅದು ಸುತ್ತಿಗೆ ಒಂದೇ. ಮೊದಲು ಒಬ್ಬ ಪುಡಿ ಗಾಬ್ಲಿನ್ ನುಗ್ಗಿದರೆ ಏಟು ಅವನ ಮೇಲೆ ಖರ್ಚಾಗುತ್ತದೆ, ಹಿಂದೆ ಬರುವ ದೊರೆಗೆ ದಾರಿ ಸಲೀಸು. ಕೃಷ್ಣ ಘಟೋತ್ಕಚನನ್ನು ಮುಂದೆ ಬಿಟ್ಟು ಕರ್ಣನ ಶಕ್ತ್ಯಾಯುಧ ಖಾಲಿ ಮಾಡಿಸಲಿಲ್ಲವೇ, ಅದೇ ಉಪಾಯ. ಏಟು ತಪ್ಪಿದರೆ ಶತ್ರು ನಿಲ್ಲುವುದಿಲ್ಲ. ಕಣ್ಣಿಗೆ ಕಾಣದ ಶತ್ರುವಿಗೆ ಏಟೇ ಇಲ್ಲ. ದೂರದ ಬಿಲ್ಲುಗಾರರಿಗಂತೂ ಇದು ಲೆಕ್ಕಕ್ಕೇ ಇಲ್ಲ. ಹಾಗಂತ ಪ್ರತಿ ಕಾಳಗದಲ್ಲೂ ಬಿಲ್ಲುಗಾರರನ್ನೇ ತಂದರೆ ಅದೂ ಒಂದು ಥರದ ನಿಷೇಧವೇ. ಮೂರು ಕಾಳಗಕ್ಕೆ ಒಂದರಲ್ಲಾದರೂ ಹುಡುಗ ಬಾಗಿಲಲ್ಲಿ ನಿಂತು ತಡೆಯಲಿ. ಅದಕ್ಕೇ ತಾನೆ ಕಲಿತದ್ದು.

2024ರ ಪುಸ್ತಕದಲ್ಲಿ ಪೋಲಾರ್ಮ್ ಮಾಸ್ಟರ್‌ನ ಏಟು ಆಪರ್ಚುನಿಟಿ ಅಟ್ಯಾಕ್ ಅಲ್ಲ, ಹಾಗಾಗಿ ಸೆಂಟಿನೆಲ್‌ನ ತಡೆ ಅದಕ್ಕೆ ಸೇರುವುದಿಲ್ಲ. ಆ ಪುಸ್ತಕಕ್ಕೆ ಬದಲಾಯಿಸುವುದಾದರೆ ಕಥೆ ಶುರುವಾಗುವ ಮೊದಲೇ ಮಕ್ಕಳಿಗೆ ಹೇಳಿಬಿಡಿ, ನಡುವೆ ಬೇಡ.

ಹುಡುಗನಿಗೆ ಫೋನ್ ಮಾಡಿ ತಪ್ಪಾಯ್ತು ಅಂದೆ. ಎರಡೂ ಫೀಟ್ ವಾಪಸ್ ಕೊಟ್ಟೆ. ಹೋದ ಶನಿವಾರ ಬಂದ. ಗಾಬ್ಲಿನ್ ನುಗ್ಗಿದಾಗ ದಾಳ ಮುಟ್ಟಲೇ ಇಲ್ಲ.

"ಅಂಕಲ್, ಇವನನ್ನ ಬಿಟ್ಟೆ. ಹಿಂದೆ ಯಾರಿದಾರೆ?"